ಬೆನ್ನು ಮಾಡಿ ನಿಂತ ಕಾವಲು

ಅಂದು ಮಂಜಿನ ಯುಗದ ಏಳನೆಯ ವರ್ಷ, ಬೂದಿ ಮಾಸದ ಮೂರನೆಯ ದಿನ. ಆಧಾರ: ನಾನು ಆಡುವ ಆನ್‌ಲೈನ್ ಆಟದ ರಾಜಧಾನಿಯಲ್ಲಿ ಗಂಟೆಗೋಪುರದ ಬುಡದಲ್ಲಿ ಕೆತ್ತಿರುವ ಪಂಚಾಂಗ. ಆಲೂರಿನ ನಮ್ಮ ಮನೆಯ ಗೋಡೆಯ ಕ್ಯಾಲೆಂಡರ್ ಅದನ್ನು ಕಾಫಿ ಕೊಯ್ಲಿನ ಕಾಲದ ಒಂದು ಮಂಗಳವಾರವೆನ್ನುತ್ತದೆ. ಎರಡನ್ನೂ ತಾಳೆ ನೋಡಿದ್ದೇನೆ. ಶಾಸನಗಳ ಸಂಶೋಧನೆಯಲ್ಲಿ ಆಯುಷ್ಯ ಕಳೆದು ನಿವೃತ್ತಳಾದವಳಿಗೆ ತಾಳೆ ನೋಡದೆ ಕಾಫಿಯೂ ಗಂಟಲಲ್ಲಿ ಇಳಿಯುವುದಿಲ್ಲ.

ಈ ವಯಸ್ಸಿನಲ್ಲಿ ಬಿಲ್ಲು ಹಿಡಿದು ಮಾಯಾಲೋಕದಲ್ಲಿ ಅಲೆಯುವುದೇಕೆ ಎಂದು ನೀವು ಕೇಳಬಹುದು. ಆರಂಭದಲ್ಲಿ ನನ್ನ ಉದ್ದೇಶ ಶುದ್ಧ ಶೈಕ್ಷಣಿಕವಾಗಿತ್ತು. ತಂಗಿಯ ಮಗಳು ಆಡುವುದನ್ನು ನೋಡುತ್ತಿದ್ದಾಗ, ಆ ಲೋಕದ ಒಬ್ಬ ಅರಸ ತನ್ನ ಪಟ್ಟಾಭಿಷೇಕವಾದ ಬಹುಕಾಲದ ಮೇಲೆ ಹುಟ್ಟಿದ್ದಾನೆಂಬುದು ಕಣ್ಣಿಗೆ ಬಿತ್ತು. ಅಷ್ಟಕ್ಕೇ ನಿದ್ದೆ ಕೆಟ್ಟಿತು. ಒಳಹೊಕ್ಕು ಅಲ್ಲಿನ ಶಿಲಾಲೇಖಗಳನ್ನೆಲ್ಲ ಪರಿಶೀಲಿಸಿ, ಆ ರಾಜವಂಶದ ಕಾಲಾನುಕ್ರಮಣಿಕೆಯನ್ನು ತಿದ್ದಿ, ಅಡಿಟಿಪ್ಪಣಿಗಳ ಸಹಿತ ಆಟ ನಡೆಸುವವರಿಗೆ ಬರೆದು ಕಳಿಸಿದೆ. ಅವರು ವಂದನೆ ತಿಳಿಸಿ, ನನ್ನ ಪಾತ್ರಕ್ಕೆ ಮೊಲದ ಕಿವಿಗಳುಳ್ಳ ಒಂದು ಟೋಪಿಯನ್ನು ಉಡುಗೊರೆಯಾಗಿ ಕೊಟ್ಟರು. ಅರಸ ಮಾತ್ರ ಇಂದಿಗೂ ಹುಟ್ಟುವ ಮೊದಲೇ ಆಳುತ್ತಿದ್ದಾನೆ.

ತಪ್ಪು ತಿದ್ದಲು ಹೋದವಳು ಹಿಂದಿರುಗಲಿಲ್ಲ. ಏಕೆ ಹಿಂದಿರುಗಲಿಲ್ಲ ಎಂಬುದೇ ಈಗ ನನ್ನ ಸಂಶೋಧನೆಯ ವಿಷಯ. ಆಟದವರು ಆಗಾಗ ಒಂದು ಪ್ರಶ್ನೆ ಕಳಿಸುತ್ತಾರೆ: ನಿಮ್ಮನ್ನು ಇಲ್ಲಿ ಹಿಡಿದಿಟ್ಟಿರುವುದು ಯಾವುದು, ಆಯುಧಗಳೋ, ಕಥೆಯೋ, ದೃಶ್ಯವೈಭವವೋ? ನಾನು ಯಾವುದಕ್ಕೂ ಗುರುತು ಹಾಕದೆ ಬಿಡುತ್ತೇನೆ. ಹೊಸ ಕತ್ತಿಯ ಸಂತೋಷ ಹೊಸ ಸ್ಟೀಲ್ ಡಬ್ಬಿಯ ಸಂತೋಷದಷ್ಟೇ ಬಾಳುತ್ತದೆ. ಕಥೆಯ ಯೋಗ್ಯತೆಯನ್ನು ಆಗಲೇ ಹೇಳಿದ್ದೇನೆ. ನನ್ನನ್ನು ಹಿಡಿದಿಟ್ಟಿರುವ ವಸ್ತು ಅವರ ಪ್ರಶ್ನೆಯಲ್ಲಿ ಇಲ್ಲವೇ ಇಲ್ಲ. ಅದರ ಹೆಸರು ಆತಂಕ.

ನಮ್ಮದು ನಾಲ್ವರ ತಂಡ. ನಾಯಕಿ ಗಿರಿಜಕ್ಕ, ಆಲೂರಿನ ಮೇಲಿನ ಗುಡ್ಡದಲ್ಲಿ ಸ್ವಂತ ಕಾಫಿ ತೋಟ, ಆಟದಲ್ಲಿ ಕೊಡಲಿ ಹಿಡಿದ ದೈತ್ಯ. ಮಂಜಣ್ಣನವರದು ಸಕಲೇಶಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಆಟದಲ್ಲಿ ಅವರು ಮಂತ್ರವಾದಿ, ಅಂಗಡಿಯಲ್ಲಿಯೂ ಗಿರಾಕಿಗಳು ಹಾಗೆಂದೇ ನಂಬಿದ್ದಾರೆ. ಲೋಕೇಶ ಒಂದು ಎಸ್ಟೇಟಿನ ರೈಟರ್. ಆಳುಗಳ ಹಾಜರಿ, ಸ್ಟೋರಿನ ಬೀಗ, ಕಾಫಿ ಒಣಗುವ ಕಣ ಎಲ್ಲವೂ ಅವನ ಜವಾಬ್ದಾರಿ. ಆಟದಲ್ಲಿ ಅವನು ಬಿಳಿ ನಿಲುವಂಗಿಯ ವೈದ್ಯ. ನಮ್ಮ ಗಾಯಗಳಿಗೆಲ್ಲ ಅವನೇ ಗತಿ.

ಬೇರೆ ತಂಡಗಳಲ್ಲಿಲ್ಲದ ಒಂದು ಪದ್ಧತಿ ನಮ್ಮಲ್ಲಿದೆ. ಈ ಸೀಮೆಯಲ್ಲಿ ಆನೆಯ ಸುದ್ದಿ ಬಂದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಏಳಬೇಕು. ಹಾಗೆ ಒಬ್ಬರು ಆಟದ ನಡುವೆ ಎದ್ದುಹೋದರೆ ಅವರ ಪಾತ್ರ ನಿಂತಲ್ಲೇ ನಿಂತುಬಿಡುತ್ತದೆ. ಯಾವ ತೋಳ ಬಂದು ಕಚ್ಚಿದರೂ ಕೇಳುವವರಿಲ್ಲ. ಆಗ ಉಳಿದವರು ಅದನ್ನು ನಡುವೆ ಬಿಟ್ಟುಕೊಂಡು, ಅದಕ್ಕೆ ಬೆನ್ನು ಮಾಡಿ, ಹೊರಮುಖವಾಗಿ ಕಾವಲು ನಿಲ್ಲುತ್ತೇವೆ. ಹೋದವರು ಬರುವವರೆಗೂ ಕದಲುವಂತಿಲ್ಲ. ಗದ್ದೆಯ ಕಾವಲನ್ನು ಮಾಯಾಲೋಕಕ್ಕೆ ಒಯ್ದ ಕೀರ್ತಿ ಗಿರಿಜಕ್ಕನವರದು.

ಆ ಸಂಜೆ ನಾವು ಡ್ರ್ಯಾಗನ್ನಿನ ಕೋಟೆಯ ಮುಂದೆ ಸೇರಿದ್ದೆವು. ಬಾಗಿಲು ಕೊಂಚ ಹೊತ್ತು ಮಾತ್ರ ತೆರೆದಿರುತ್ತದೆ. ತಪ್ಪಿದರೆ ಮುಂದಿನ ಋತುವಿನವರೆಗೆ ಕಾಯಬೇಕು. ಆಟದೊಳಗಿನ ಮೈಕಿನಲ್ಲಿ ಲೋಕೇಶನ ದನಿ ಬಂತು:

"ಕಣದ ಕಾಫಿಗೆ ಟಾರ್ಪಾಲು ಹೊದಿಸಿ ಬಂದ್ಬುಡ್ತೀನಿ ಕಣಕ್ಕ. ಮಂಜು ಇಳೀತಾ ಐತೆ."

"ಬೇಗ ಬಾ ಮಾರಾಯ. ನಿನ್ನ ಮದ್ದು ನಂಬ್ಕೊಂಡು ಒಳಗೆ ಹೊಂಟಿರೋದು," ಎಂದರು ಗಿರಿಜಕ್ಕ.

ಅವನು ಫೋನನ್ನು ಮೇಜಿನ ಮೇಲಿಟ್ಟು ಹೋದ. ಮೈಕ್ ತೆರೆದೇ ಇತ್ತು. ಅವನ ಮನೆಯ ನಾಯಿ ಬೊಗಳುವುದು ನಮಗೆಲ್ಲ ಕೇಳುತ್ತಿತ್ತು. ನಾವು ವಾಡಿಕೆಯಂತೆ ಬೆನ್ನು ಮಾಡಿ ನಿಂತೆವು. ಅಷ್ಟರಲ್ಲಿ ಗಿರಿಜಕ್ಕನವರ ಫೋನಿಗೆ ತೋಟದವರ ಗುಂಪಿನಿಂದ ಸಂದೇಶ ಬಂತು. ಅವರು ಗಟ್ಟಿಯಾಗಿ ಓದಿದರು: ಒಂಟಿಸಲಗವೊಂದು ಲೋಕೇಶನ ಎಸ್ಟೇಟಿನ ಗೇಟು ದಾಟಿ ಸ್ಟೋರಿನ ಕಡೆ ಇಳಿದಿದೆ, ಯಾರೂ ಹೊರಗೆ ಬರಬಾರದು.

ಓದಿ ಮುಗಿಯುವಷ್ಟರಲ್ಲಿ ನಾಯಿಯ ದನಿ ನಿಂತುಹೋಯಿತು.

ಬೊಗಳುವ ನಾಯಿಗಿಂತ ಸುಮ್ಮನಾದ ನಾಯಿ ಎಷ್ಟು ಭಯಂಕರವೆಂಬುದನ್ನು ನಾನು ಅದುವರೆಗೆ ಅರಿತಿರಲಿಲ್ಲ.

"ಫೋನ್ ಮಾಡ್ಲಾ?" ಎಂದರು ಗಿರಿಜಕ್ಕ.

"ಮಾಡ್ಬೇಡಿ ಅಕ್ಕ, ಕಾಲ್ ಹೋದ್ರೆ ಆಟದಿಂದ ಆಚೆ ಬಿದ್ದೋಯ್ತಾನೆ," ಎಂದರು ಮಂಜಣ್ಣ.

ನಾಚಿಕೆಯ ಸಂಗತಿಯೆಂದರೆ, ಈ ವಾದ ಆ ಕ್ಷಣ ನಮ್ಮೆಲ್ಲರಿಗೂ ಸಮಂಜಸವಾಗಿಯೇ ಕಂಡಿತು. ಮೊದಲು ಎಚ್ಚೆತ್ತವರು ಗಿರಿಜಕ್ಕ. "ಆಟದ ಮನೆ ಹಾಳಾಗ! ಅಲ್ಲಿ ಆನೆ ಐತೆ ಕಣೋ!"

ಕರೆ ಹೋಯಿತು, ರಿಂಗಾಯಿತು, ಯಾರೂ ಎತ್ತಲಿಲ್ಲ. ಆದರೆ ಲೋಕೇಶ ಆಟದಿಂದ ಬಿದ್ದನೆಂಬ ಸೂಚನೆ ತೆರೆಯ ಮೇಲೆ ಮೂಡಲಿಲ್ಲ. ಅದನ್ನೇ ಶುಭಶಕುನವೆಂದುಕೊಂಡೆವು. ಗಿರಿಜಕ್ಕ ಪಕ್ಕದ ಎಸ್ಟೇಟಿನ ಮೇಸ್ತ್ರಿಯನ್ನು ವಿಚಾರಿಸಿದರು. ಸಲಗ ಸರಿಯುವವರೆಗೆ ಆ ದಾರಿಯಲ್ಲಿ ಯಾರೂ ಕಾಲಿಡುವಂತಿಲ್ಲವೆಂದು ಉತ್ತರ ಬಂತು. ನಾವು ಮಾಡಬಹುದಾದದ್ದು ಒಂದೇ ಉಳಿದಿತ್ತು. ನಿಂತೆವು.

ಕೋಟೆಯ ಬಾಗಿಲು ತೆರೆಯಿತು. ಇನ್ನೊಂದು ತಂಡ ನಮ್ಮನ್ನು ದಾಟಿ ಹೋಗುತ್ತ, "ಏನ್ರೀ, ಗ್ರೂಪ್ ಫೋಟೋಗೆ ನಿಂತಿದೀರಾ?" ಎಂದು ಅಣಕಿಸಿತು.

"ನಮ್ಮೋನೊಬ್ಬ ಆಚೆ ಹೋಗವ್ನೆ. ನೀವು ಹೋಗ್ರಪ್ಪ, ನಿಮ್ಮ ರೆಕ್ಕೆ ಹಾವು ನೋಡ್ಕಳಿ," ಎಂದರು ಗಿರಿಜಕ್ಕ.

ನಮ್ಮ ಸುತ್ತಿನ ಹಳ್ಳಿಗಳಲ್ಲಿ ವೀರಗಲ್ಲುಗಳಿಗೆ ಕೊರತೆಯಿಲ್ಲ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಎಷ್ಟೋ ಕಲ್ಲುಗಳ ಪಡಿಯಚ್ಚು ತೆಗೆದಿದ್ದೇನೆ. ಆ ಕಾಳಗದ ಹೊತ್ತಿನಲ್ಲಿ ಊರ ಬಾಗಿಲಲ್ಲಿ ನಿಂತು ಅವನಿಗಾಗಿ ಕಾದವರು ಯಾರು ಎಂಬುದನ್ನು ಕೆತ್ತಿದ ಒಂದೇ ಒಂದು ಕಲ್ಲನ್ನೂ ನಾನು ಕಂಡಿಲ್ಲ. ಕಾಯುವುದರಲ್ಲಿ ಕೆತ್ತುವಂಥದ್ದೇನೂ ಇಲ್ಲವೆಂದು ಶಿಲ್ಪಿಗೆ ತೋರಿರಬೇಕು. ಕೈಯಲ್ಲಿ ಫೋನು ಹಿಡಿದು, ಮೊಲದ ಟೋಪಿ ತೊಟ್ಟು, ಒಬ್ಬ ರೈಟರನ ಪ್ರಾಣಕ್ಕಾಗಿ ಕಾದ ಮೇಲೆ ನನ್ನ ಅಭಿಪ್ರಾಯ ಬೇರೆಯಾಗಿದೆ.

ಬಾಗಿಲು ಮುಚ್ಚಿತು. ಡ್ರ್ಯಾಗನ್ ಕೈತಪ್ಪಿತು. ಬಹಳ ಹೊತ್ತಿನ ಮೇಲೆ ಕಿವಿಯಲ್ಲಿ ಏದುಸಿರು ಕೇಳಿಸಿತು.

"ಇದೀರೇನ್ರೀ ಯಾರಾದ್ರೂ? ಡ್ರ್ಯಾಗನ್ ಸತ್ತೋಯ್ತಾ?"

"ನೀನೇ ಸತ್ತೋದೆ ಅಂದ್ಕೊಂಡಿದ್ವಿ ಕಣೋ, ಮುಂಡೇದೆ!" ಎಂದು ಗಿರಿಜಕ್ಕ ಅತ್ತೇಬಿಟ್ಟರು.

"ಸ್ಟೋರ್ ಅಟ್ಟದ ಮೇಲೆ ಕೂತ್ಬುಟ್ಟಿದ್ದೆ ಕಣಕ್ಕ. ಅವನು ಕಣದಾಗೇ ನಿಂತ್ಬುಟ್ಟ. ಟಾರ್ಪಾಲು ಎಳೆದು ಎಳೆದು ನೋಡ್ತಾನೆ, ಮೇಲೆ ನನ್ನ ಕಡೆ ನೋಡ್ತಾನೆ. ಉಸಿರು ಬಿಡಕ್ಕೂ ಹೆದ್ರಿಕೆ."

"ನಾಯಿ?" ಎಂದು ಕೇಳಿದೆ.

"ಅದಕ್ಕೇನಾಗ್ತದೆ ಮೇಡಮ್ನೋರೆ? ಇಷ್ಟೊತ್ತೂ ಒಂದೇ ಸಮ ಬೊಗುಳ್ತಾನೇ ಇತ್ತಲ್ಲ, ಕೇಳ್ನಿಲ್ವಾ?"

ಕೇಳಿರಲಿಲ್ಲ. ಇದು ನನ್ನನ್ನು ಕೊರೆಯಿತು. ಬೆಳಿಗ್ಗೆ ಎದ್ದವಳೇ, ಆಟದಲ್ಲಿ ಯಾರು ಯಾವಾಗ ಬಂದರು, ಹೋದರು ಎಂದು ತಾನಾಗಿ ದಾಖಲಾಗುವ ಪುಟವನ್ನು ತೆರೆದೆ. ಗಿರಿಜಕ್ಕ ಆನೆಯ ಸಂದೇಶ ಓದುತ್ತಿದ್ದ ಹೊತ್ತಿನಲ್ಲೇ, ಕೋಟೆಯ ಮುಂದೆ ಯಾರೂ ಆಡಿಸದೆ ನಿಂತ ಪಾತ್ರವೆಂಬ ಕಾರಣಕ್ಕೆ, ಆಟವೇ ಲೋಕೇಶನನ್ನು ಹೊರಹಾಕಿತ್ತು. ಸುಮ್ಮನಾದದ್ದು ನಾಯಿಯಲ್ಲ, ಅವನ ಮೈಕು. ಅವನು ಮತ್ತೆ ಒಳಬಂದದ್ದು ಕೋಟೆಯ ಬಾಗಿಲು ಮುಚ್ಚಿದ ಬಹಳ ಹೊತ್ತಿನ ಮೇಲೆ. ಆನೆಯ ಗಡಿಬಿಡಿಯಲ್ಲಿ ನಾವು ಸೂಚನೆಯನ್ನು ಗಮನಿಸಿರಲಿಲ್ಲ. ಬೆನ್ನು ಮಾಡಿ ನಿಂತವರಿಗೆ ಹಿಂದಿನದು ಕಾಣುವುದೂ ಇಲ್ಲ.

ಮುಂದೆ ಹೀಗಾಗದಿರಲೆಂದು ಒಬ್ಬರಾದರೂ ಒಳಮುಖವಾಗಿ ನಿಲ್ಲೋಣವೆಂದು ಮಂಜಣ್ಣ ಸೂಚಿಸಿದರು. "ಆನೆ ಒಳಗಿಂದ ಬತ್ತದೇನೋ?" ಎಂದು ಗಿರಿಜಕ್ಕ ತಳ್ಳಿಹಾಕಿದರು. ದಾಖಲೆಯನ್ನೂ ಅವರು ಒಪ್ಪುವುದಿಲ್ಲ. ಬಾಗಿಲು ಮುಚ್ಚುವಾಗ ಅವನ ಬಿಳಿ ನಿಲುವಂಗಿಯನ್ನು ತಾವು ಕಣ್ಣಾರೆ ಕಂಡಿದ್ದಾಗಿ ಆಣೆ ಮಾಡುತ್ತಾರೆ. ಮಂಜಣ್ಣನವರೂ ಕಂಡಿದ್ದಾರಂತೆ. ನೆನಪಿಗೂ ಸಮಕಾಲೀನ ದಾಖಲೆಗೂ ವಿರೋಧ ಬಂದಾಗ ದಾಖಲೆಯೇ ಪ್ರಮಾಣವೆಂದು ಜೀವಮಾನವಿಡೀ ವಾದಿಸಿದವಳು ನಾನು. ಆದುದರಿಂದ ಇಲ್ಲಿ ನಮೂದಿಸುತ್ತಿದ್ದೇನೆ: ಆ ಸಂಜೆ ಕೋಟೆಯ ಮುಂದೆ ನಾವು ಮೂವರು ಕಾದದ್ದು ಬರಿಯ ನೆಲವನ್ನು. ಆ ನಿಲುವಂಗಿಯನ್ನು ನಾನೂ ಕಂಡಿದ್ದೇನೆ.