ತಂತಿಯ ಬುಡದಲ್ಲಿ ಬಣ್ಣ

ಮಲ್ಲಟದಲ್ಲಿ ಆ ಟ್ರ್ಯಾಕ್ಟರ್ ಚಾಲೂ ಆಗದೆ ನಿಂತ ಬೆಳಗನ್ನು ನೆನೆದರೆ ಈಗಲೂ ನನ್ನ ಮುಖ ಬಿಸಿಯಾಗುತ್ತದೆ. ಎಂಬತ್ತರ ದಶಕದ ಮೊದಲ ವರ್ಷಗಳು. ರಾಯಚೂರಿನ ಗಂಜ್ ಹತ್ತಿರ ನನ್ನದೊಂದು ಗ್ಯಾರೇಜಿತ್ತು. ಸದ್ದು ಕೇಳಿಯೇ ಇಂಜಿನ್ನಿನ ರೋಗ ಹೇಳುತ್ತಾನೆ ಎಂದು ಮಾನವಿ ತಾಲ್ಲೂಕಿನವರೆಗೂ ಹೆಸರಾಗಿದ್ದೆ. ಆ ಮಾತನ್ನು ಹಬ್ಬಿಸಿದವರಲ್ಲಿ ನಾನೇ ಮೊದಲಿಗ.

ಟ್ರ್ಯಾಕ್ಟರಿನ ಧಣಿ ಮಲ್ಲಟದಲ್ಲಿ ಭತ್ತ ಬೆಳೆಯುತ್ತಿದ್ದರು. ಹಿಂದಿನ ಮಹಾನವಮಿಗೆ ಗಾಡಿ ಹೊಸದರಂತೆ ಕಾಣಬೇಕೆಂದು ನನ್ನಲ್ಲಿಗೆ ಕಳಿಸಿದ್ದರು. ನಮ್ಮ ಕಡೆ ಹಬ್ಬಕ್ಕೆ ಟ್ರ್ಯಾಕ್ಟರಿಗೆ ಬಣ್ಣ ಹಚ್ಚಿಸುವುದೆಂದರೆ ಮನೆಗೆ ಸುಣ್ಣ ಬಳಿಸಿದಷ್ಟೇ ಸಹಜ. ಬ್ಯಾಟರಿ, ತಂತಿಗಳನ್ನೆಲ್ಲ ಬಿಚ್ಚಿಟ್ಟು, ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಎರಡು ಸಲ ದಪ್ಪಗೆ ಕೆಂಪು ಬಣ್ಣ ಬಳಿದು, ಮತ್ತೆ ಜೋಡಿಸಿ ಕೊಟ್ಟೆ. ಪೂಜೆಯ ದಿನ ಧಣಿ ನನ್ನನ್ನು ಕರೆಸಿ ಎಲ್ಲರ ಮುಂದೆ ಟವೆಲ್ ಹೊದಿಸಿದರು. ಬೆಳಿಗ್ಗೆ ಎದ್ದು ಗಾಡಿ ತೊಳೆದು ತಂದಿದ್ದ ಡ್ರೈವರು ಮಾತ್ರ ದೂರದಲ್ಲಿ ನಿಂತಿದ್ದರು. ಗಾಲಿಯ ಕೆಳಗಿನ ನಿಂಬೆಹಣ್ಣು ಹಿಸುಕಲು ಗಾಡಿ ಮುಂದೆ ಬಿಡಬೇಕಾದಾಗ ಅವರನ್ನು ಕರೆದರು.

ಅವರು ದೇವದುರ್ಗದ ಕಡೆಯ ಗೂಗಲ್ ಎಂಬ ಹಳ್ಳಿಯವರು, ಕೂಲಿಯವರ ಮಗ, ನನಗಿಂತ ಹತ್ತು ವರ್ಷ ದೊಡ್ಡವರು. ಅವರು ನನ್ನನ್ನು ಉಸ್ತಾದ್ರೆ ಎನ್ನುತ್ತಿದ್ದರು. ನಾನು ಅವರನ್ನು ಲೇ ಎಂದೇ ಕರೆಯುತ್ತಿದ್ದೆ. ಬರೆಯುವಾಗಲಾದರೂ ಮರ್ಯಾದೆ ಕೊಡೋಣ ಎಂದು ಈಗ ಕೊಡುತ್ತಿದ್ದೇನೆ, ತಡವಾಯಿತು.

ಸಂಕ್ರಾಂತಿ ಕಳೆದು, ಎರಡನೇ ಬೆಳೆಗೆ ಗದ್ದೆ ಹದ ಮಾಡುವ ಹೊತ್ತಿಗೆ ಧಣಿಯಿಂದ ಕರೆ ಬಂತು. ಕೀಲಿ ತಿರುವಿದರೆ ಸೆಲ್ಫ್ ಮೋಟಾರು ಒಮ್ಮೆ ನರಳಿ ಸುಮ್ಮನಾಗುತ್ತಿತ್ತು, ಇಂಜಿನ್ ತಿರುಗುತ್ತಿರಲಿಲ್ಲ. ಬ್ಯಾಟರಿ ನೋಡಿದೆ, ಚೆನ್ನಾಗಿತ್ತು. ಡ್ರೈವರು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಬ್ಯಾಟರಿಯಿಂದ ಚಾಸಿಗೆ ಹೋಗುವ ದಪ್ಪ ತಂತಿಯನ್ನು ತೋರಿಸಿದರು.

“ಉಸ್ತಾದ್ರೆ, ಸೆಲ್ಫ್ ಹೊಡದಾಗೆಲ್ಲ ಈ ತಂತಿ ಬುಡ ಸುಡತದ್ರಿ. ಒಮ್ಮಿ ಮುಟ್ಟಿ ನೋಡ್ರಿ.”

“ಸುಮ್ನಿರಲೇ. ನೀ ಸ್ಟೇರಿಂಗ್ ಹಿಡಿ, ವೈರಿಂಗ್ ನನಗ ಬಿಡು” ಎಂದೆ. ಸುತ್ತ ನಿಂತವರು ನಕ್ಕರು. ಅವರು ನಕ್ಕದ್ದು ನನಗೆ ಬಹಳ ಹಿತವಾಯಿತು.

ಸೆಲ್ಫ್ ಬಿಚ್ಚಿ ರಾಯಚೂರಿಗೆ ಒಯ್ದೆ. ಒಳಗೆ ಅಂಥ ದೋಷವೇನೂ ಇರಲಿಲ್ಲ. ಆದರೂ ಸವೆಯುವ ಕಾರ್ಬನ್ ತುಂಡು ಬದಲಿಸಿ, ಗ್ರೀಸ್ ಹಚ್ಚಿ, ಮರುದಿನ ತಂದು ಕೂಡಿಸಿದೆ. ಕೀಲಿ ತಿರುವಿದೆ. ಮತ್ತದೇ ನರಳಾಟ. ಧಣಿ ನನ್ನನ್ನೇ ನೋಡುತ್ತಿದ್ದರು. ಗೊತ್ತಾಗುತ್ತಿಲ್ಲ ಎಂದು ಒಂದು ಮಾತು ಹೇಳಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಅದರ ಬದಲು ಡ್ರೈವರ ಕಡೆ ಬೆರಳು ತೋರಿಸಿದೆ.

“ಇವ ಗಾಡಿ ದಿಬ್ಬದ ಮ್ಯಾಲೆ ನಿಲ್ಸಿ, ಉಳ್ಳಿಸಿ ಉಳ್ಳಿಸಿ ಚಾಲೂ ಮಾಡ್ಯಾನ್ರಿ. ಇಂಜಿನ್ ಬಿಗದದ. ಇದು ಡ್ರೈವರಂದ ತಪ್ಪು” ಎಂದೆ.

ಇಂಜಿನ್ ಬಿಗಿದಿದೆ ಎಂದದ್ದು ಶುದ್ಧ ಸುಳ್ಳು. ಸೆಲ್ಫ್ ಕೈಕೊಟ್ಟ ಮೇಲೂ ಕೆಲಸ ನಿಲ್ಲಬಾರದೆಂದು ಆ ಮನುಷ್ಯ ಹದಿನೈದು ದಿನ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ, ಉರುಳಿಸಿ ಚಾಲೂ ಮಾಡಿಕೊಂಡು ಗದ್ದೆ ನಡೆಸಿದ್ದರು. ಧಣಿ ಡ್ರೈವರನ್ನು ಏನೂ ಕೇಳಲಿಲ್ಲ. ಅವರ ಕಡೆ ತಿರುಗಿ, “ನಾಳಿಂದ ಬರಬ್ಯಾಡ” ಎಂದರು. ಡ್ರೈವರು ಒಮ್ಮೆ ನನ್ನ ಕಡೆ ನೋಡಿ, ಬುತ್ತಿಗಂಟು ಎತ್ತಿಕೊಂಡು ಕಾಲುವೆಯ ದಾರಿ ಹಿಡಿದರು.

ಧಣಿ ಚಹಾ ಹೇಳಲು ಒಳಗೆ ಹೋದರು. ಒಬ್ಬನೇ ಉಳಿದಾಗ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕೀಲಿ ತಿರುವಿ ಇಳಿದು ಆ ತಂತಿಯ ಬುಡ ಮುಟ್ಟಿದೆ. ಬೆರಳು ಚುರ್ ಎಂದಿತು. ಬೋಲ್ಟ್ ಬಿಚ್ಚಿದರೆ ತಂತಿಗೂ ಚಾಸಿಗೂ ನಡುವೆ ನಾನೇ ಬಳಿದ ಕೆಂಪು ಬಣ್ಣ! ಹಬ್ಬದ ಗಡಿಬಿಡಿಯಲ್ಲಿ ಅಷ್ಟು ಜಾಗ ಕೆರೆಯದೆ ತಂತಿ ಬಿಗಿದಿದ್ದೆ. ಬಣ್ಣ ಕರೆಂಟನ್ನು ತಡೆಯುತ್ತದೆ; ಬೋಲ್ಟಿನ ಮೂಲಕವೇ ಹೇಗೋ ಹರಿದು ಮೂರು ತಿಂಗಳು ನಡೆದಿತ್ತು. ನೀರು ತಾಗಿ ಬೋಲ್ಟಿಗೆ ತುಕ್ಕು ಹಿಡಿದ ಮೇಲೆ ಆ ದಾರಿಯೂ ಕೆಟ್ಟಿತ್ತು. ಕಬ್ಬಿಣ ಬೆಳ್ಳಗಾಗುವ ತನಕ ಕೆರೆದು, ಹೊಸ ಬೋಲ್ಟ್ ಹಾಕಿ ಬಿಗಿದೆ. ಒಂದೇ ಸಲಕ್ಕೆ ಇಂಜಿನ್ ಗುಡುಗಿತು.

ಧಣಿ ಓಡಿಬಂದು, “ಭಲೇ ಉಸ್ತಾದ್! ಏನಾಗಿತ್ತು?” ಎಂದರು.

“ಸಣ್ಣದ್ರಿ, ಬಿಡ್ರಿ” ಎಂದೆ.

ಡ್ರೈವರು ಆಗಿನ್ನೂ ಕಾಲುವೆಯ ಸೇತುವೆ ದಾಟಿರಲಿಕ್ಕಿಲ್ಲ. ಇಂಜಿನ್ ಆರಿಸಿ ಕೂಗಿದ್ದರೆ ಕೇಳಿಸುತ್ತಿತ್ತು. ನಾನು ಕೈ ತೊಳೆದು ಚಹಾ ಕುಡಿದೆ.

ಎರಡು ವರ್ಷದ ಮೇಲೆ ದೇವದುರ್ಗದ ಸಂತೆಯಲ್ಲಿ ಅವರು ಎದುರಾದರು, ಬೆನ್ನ ಮೇಲೆ ಶೇಂಗಾ ಚೀಲ. ಇಂಜಿನ್ ಕೆಡಿಸಿದವನೆಂಬ ನನ್ನ ಮಾತು ಅವರಿಗಿಂತ ಮುಂಚೆ ಊರೂರು ತಲುಪಿತ್ತಂತೆ, ಯಾರೂ ಗಾಡಿ ಕೊಟ್ಟಿರಲಿಲ್ಲ. ಚೀಲ ಇಳಿಸಿ, “ಬರ್ರಿ ಉಸ್ತಾದ್ರೆ, ಚಾ ಕುಡ್ಯೋಣು” ಎಂದು ಅವರೇ ಕರೆದರು. ಚಹಾದ ಕಪ್-ಬಸಿ ಕೈಗೆ ಬಂದ ಮೇಲೆ, ಎಂದೂ ಬಳಸದ ಬಹುವಚನ ಹುಡುಕಿಕೊಂಡು ಹೇಳಿದೆ.

“ಅವತ್ತ ನೀವು ಹೇಳಿದ್ದ ಖರೆ ಇತ್ರಿ. ತಂತಿ ಬುಡಕ ನಾನ ಹಚ್ಚಿದ್ ಬಣ್ಣ ಇತ್ತು.”

ಅವರು ಬಸಿಯ ಚಹಾ ಊದಿ ಊದಿ ಮುಗಿಸಿದರು. ಆಮೇಲೆ, ನನ್ನನ್ನು ಸಮಾಧಾನ ಮಾಡುವವರ ಹಾಗೆ, “ನಾ ಹೇಳಿದ್ದು ನಿಮಗ ಕೇಳಿಸಿರ್ಲಿಕ್ಕಿಲ್ಲ ಬಿಡ್ರಿ. ಇಂಜಿನ್ ಸಪ್ಪಳದಾಗ ಯಾರಿಗಿ ಏನ್ ಕೇಳಸ್ತದ” ಎಂದರು.

ನಾನು ಹೌದೆಂದು ತಲೆಯಾಡಿಸಿದೆ. ಮಲ್ಲಟದಲ್ಲಿ ಅವರು ಆ ತಂತಿಯ ಮಾತು ಹೇಳಿದಾಗ ಇಂಜಿನ್ ಚಾಲೂ ಆಗಿರಲೇ ಇಲ್ಲ.