ಅಪ್ಪ ಸ್ಕ್ರೂಡ್ರೈವರ್ ಹಿಡಿದು ಕೇಳಿದ ಹಾಡು

ನನಗೆ ಜೀವಕ್ಕೆ ಅಂಟಿಕೊಂಡ ಒಂದು ಇಂಗ್ಲಿಷ್ ರಾಕ್ ಹಾಡಿದೆ. ಆಲ್ಬಮ್ಮಿನ ಕೊನೆಗೆ, ಮದುವೆ ಊಟದಲ್ಲಿ ಕಡೇ ಪಂಕ್ತಿಗೆ ಬಂದವರ ಹಾಗೆ, ಯಾರ ಕಣ್ಣಿಗೂ ಬೀಳದೆ ಕೂತಿದೆ. ಅದರಲ್ಲಿ ಹೆಂಡತಿ ತೀರಿಹೋದ ಒಬ್ಬಾತ ಮನೆಯೊಳಗೆ ಅವಳನ್ನು ಕರೆಯುತ್ತಾನೆ. ಟೀಪುಡಿ ಡಬ್ಬಿ ಎಲ್ಲಿಟ್ಟೆ, ನನ್ನ ಸ್ವೆಟರ್ ಎಲ್ಲಿ, ಇಂಥವೇ. ಆಮೇಲೆ ಗಂಟಲು ಹರಿಯುವಂತೆ ಕೂಗುತ್ತಾನೆ. ಅಷ್ಟೂ ವಾದ್ಯ ಒಂದು ಗಳಿಗೆ ನಿಂತುಬಿಡುತ್ತದೆ. ಆ ಖಾಲಿ ಜಾಗ ಬಂದಾಗಲೆಲ್ಲ ನಾನು ಅಳುತ್ತೇನೆ. ಅಪ್ಪ ನೋಡಿದರೆ, ಹೆಚ್ಚುತ್ತಿರುವ ಈರುಳ್ಳಿ ತೋರಿಸುತ್ತೇನೆ.

ಅಪ್ಪ ಜೋಗದ ವಿದ್ಯುತ್ ಕೇಂದ್ರದಲ್ಲಿ ಟರ್ಬೈನ್ ಪಕ್ಕ ಸರ್ವೀಸ್ ಮುಗಿಸಿ, ಕಿವಿಯನ್ನು ಅಲ್ಲೇ ಬಿಟ್ಟು ಬಂದವನು. ಅಮ್ಮ ಇರುವವರೆಗೆ ಅದು ತೊಂದರೆಯೇ ಆಗಿರಲಿಲ್ಲ. ಅವಳು ಊಟಕ್ಕೆ ಕರೆದರೆ ಇಡೀ ಕಾಲೊನಿ ಕೈ ತೊಳೆಯುತ್ತಿತ್ತು. ಡಾಕ್ಟರು ಕಿವಿಗೆ ಮಷಿನ್ ಹಾಕಿಸಿ ಅಂದರೆ, "ನನ್ನ ಮಷಿನ್ ಅಡುಗೆಮನೇಲಿದೆ ಸಾರ್" ಅನ್ನುತ್ತಿದ್ದ. ಅಮ್ಮ ಹೋದಮೇಲೆ ಸಾಗರಕ್ಕೆ, ನಮ್ಮ ಮನೆಗೆ ಕರೆತಂದೆ. ಮಷಿನ್ನೂ ತಂದುಕೊಟ್ಟೆ. ಬೀರುವಿನಲ್ಲಿಟ್ಟ.

"ಯಾರ ಮಾತು ಕೇಳಕ್ಕೆ?" ಅಂದ.

ನಾನೇನು ಮೂಗಿಯಾ ಅಂತ ರೇಗಿದೆ. ಅದೂ ಕೇಳಿಸಲಿಲ್ಲ. ಬರಬರುತ್ತಾ ಮಾತೇ ನಿಂತಿತು. ಅಪ್ಪ ಕಣ್ಣೆದುರೇ ಕೂತು ಕೈತಪ್ಪಿ ಹೋಗುತ್ತಿದ್ದಾನೆ ಅಂತ ನನಗೆ ಹೆದರಿಕೆ ಹತ್ತಿತು.

ಮೊನ್ನೆ ಭಾನುವಾರ ಸ್ಪೀಕರಿನಲ್ಲಿ ಆ ಹಾಡು ಹಾಕಿಕೊಂಡು ಬಟ್ಟೆ ಮಡಚುತ್ತಿದ್ದೆ. ಕಣ್ಣು ಒರೆಸಿಕೊಳ್ಳುವಾಗ ಸಿಕ್ಕಿಬಿದ್ದೆ. ಕೈಯಲ್ಲಿ ಈರುಳ್ಳಿ ಬೇರೆ ಇಲ್ಲ!

"ಎಂತ ಆಯ್ತೇ?"

ಸ್ಪೀಕರ್ ತೋರಿಸಿದೆ. ಅಪ್ಪ ಒಳಗಿನಿಂದ ಸ್ಕ್ರೂಡ್ರೈವರ್ ತಂದ. ಕೆಲಸದಲ್ಲಿದ್ದಾಗ ಟರ್ಬೈನಿನ ಬೇರಿಂಗ್ ಸರಿ ಇದೆಯಾ, ಸವೆದು ಕಿರುಚುತ್ತಿದೆಯಾ ಅಂತ ಹೀಗೇ ನೋಡುತ್ತಿದ್ದನಂತೆ: ತುದಿ ಯಂತ್ರಕ್ಕೆ, ಹಿಡಿ ಕಿವಿ ಹಿಂದಿನ ಮೂಳೆಗೆ. ಸ್ಪೀಕರಿಗೂ ಹಾಗೇ ಒತ್ತಿ ಕಣ್ಣು ಮುಚ್ಚಿದ. ಹಾಡನ್ನು ಮೊದಲಿನಿಂದ ಹಾಕಿದೆ.

ಗಾಯಕ ಕೂಗಿದಾಗ, "ಇವನ ಬೇರಿಂಗ್ ಹೋಗಿದೆ" ಅಂದ. ನನಗೆ ನಗು ಬಂತು. ವಾದ್ಯ ನಿಂತಿತು.

"ಕರೆಂಟ್ ಹೋಯ್ತಾ?"

ಅವನ ಕಿವಿಗೇ ಬಾಯಿಟ್ಟು ಕೂಗಿದೆ, "ಇಲ್ಲಪ್ಪಾ! ಅವನ ಹೆಂಡ್ತಿ ತೀರ್ಕಂಡಿದಾಳೆ. ಕರೀತಿದಾನೆ. ಅವಳು ಓಗೊಡ್ತಿಲ್ಲ!"

ಪಕ್ಕದ ಮನೆಯವರು ಗಾಬರಿಯಾಗಿ ಕಿಟಕಿಗೆ ಬಂದರು. ಅಪ್ಪ ಮಾತ್ರ ಅಲ್ಲಾಡಲಿಲ್ಲ. ಹಾಡು ಪೂರ್ತಿ ಮುಗಿದ ಮೇಲೆ ಕೇಳಿದ, "ಮತ್ತೆ ಹೆಂಗೆ ಶುರು ಮಾಡ್ದ ಅವ್ನು?"

"ಅವ್ನಲ್ಲ. ಡ್ರಮ್ಮಿನವನು ಮೊದ್ಲು ಮೆಲ್ಲಗೆ ತಟ್ಟಿದ. ಗಿಟಾರಿನವನು ಸೇರ್ಕಂಡ. ಆಮೇಲೆ ಇವ್ನು."

ಆ ಹಾಡು ಯಾಕೆ ಇಷ್ಟ ಅಂತ ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ.

ಅಪ್ಪ ಎದ್ದು ಒಳಗೆ ಹೋದ. ಬೀರುವಿನ ಬಾಗಿಲು ಕಿರುಗುಟ್ಟಿತು. ಮಷಿನ್ನನ್ನು ಅಡ್ಡಾದಿಡ್ಡಿ ಸಿಕ್ಕಿಸಿಕೊಂಡು ಬಂದು ನಿಂತ. ಸರಿ ಮಾಡಿದೆ.

"ಈಗ ಮಾತಾಡು."

ಅಮ್ಮನ ಮಾತೇ ಬಾಯಿಗೆ ಬಂತು, ಅವಳ ಗಂಟಲಿನಲ್ಲೇ: "ಅನ್ನ ಆರ್ತಾ ಇದೆ, ಬರ್ತೀರಾ ಇಲ್ವಾ?"

"ಹಂಗೆ ಕೂಗ್ಬೇಡ ಮಾರಾಯ್ತಿ, ಕೇಳ್ತದೆ" ಅಂದ ಅಪ್ಪ. ಕೆನ್ನೆ ಒದ್ದೆಯಾಗಿತ್ತು. ನಾನು ನೋಡುತ್ತಿರುವುದು ಕಂಡು ಅಡುಗೆಮನೆ ಕಡೆ ಕೈ ತೋರಿಸಿದ.

"ಈರುಳ್ಳಿ" ಅಂದ.