ಹಗ್ಗದ ಮಾವ ಆಡದ ಮಾತು

ಬೆಳಿಗ್ಗೆ ಐದೂವರೆ. ಹಳೇ ಗೋದಾಮಿನ ತಗಡಿನ ಬಾಗಿಲು ಕಿರ್ ಎನ್ನುತ್ತದೆ. ಒಳಗೆ ಬಂದವರು ದೀಪ ಹಾಕುವುದಿಲ್ಲ. ಚಪ್ಪಲಿ ಕಳಚಿಟ್ಟು, ಗೋಡೆಯ ಗೂಟದಿಂದ ಮೊದಲ ಹಗ್ಗ ಇಳಿಸಿ, ಕಣ್ಣು ಮುಚ್ಚಿಕೊಂಡು ಅದನ್ನು ಬರಿಗೈಯಲ್ಲಿ ಗೇಣು ಗೇಣಾಗಿ ಸವರುತ್ತಾ ಹೋಗುತ್ತಾರೆ. ಒಂದು ಎಳೆ ಎದ್ದಿದ್ದರೂ ಅಂಗೈಗೆ ಗೊತ್ತಾಗುತ್ತದೆ. "ಕಣ್ಣು ಮೋಸ ಹೋಗುತ್ತೆ, ಕೈ ಹೋಗಲ್ಲ" ಎನ್ನುತ್ತಾರೆ. ಹದಿನಾಲ್ಕು ಹಗ್ಗ ಮುಗಿಯುವ ಹೊತ್ತಿಗೆ ಕಿಟಕಿಯಲ್ಲಿ ಬೆಳಕು.

ಆಮೇಲೆ ಒಂದೊಂದಕ್ಕೂ ತಾವೇ ಮೈಭಾರ ಹಾಕಿ ಜೋತು ನೋಡುತ್ತಾರೆ. "ಅರವತ್ತೆಂಟು ಕೆಜಿ ಇದೀನಿ. ನನ್ನ ತಡ್ಕೊಂಡ ಹಗ್ಗ ಈ ಕಡ್ಡಿಪೈಲ್ವಾನರನ್ನ ತಡ್ಕೊಳಲ್ವಾ?"

ಕಡ್ಡಿಪೈಲ್ವಾನರು ಅಂದರೆ ಅಕ್ಕಪಕ್ಕದ ಬೀದಿಗಳ ಅರವತ್ತೆರಡು ಮಕ್ಕಳು. ಇದು ಅವರ ಸರ್ಕಸ್. ಆನೆಯಿಲ್ಲ, ಸಿಂಹವಿಲ್ಲ, ಟಿಕೆಟ್ಟೂ ಇಲ್ಲ. ಬೆಳಿಗ್ಗೆ ಒಂದು ಪಾಳಿ, ಸಂಜೆ ಎರಡು. ಚೆಂಡು ಎಸೆದು ಹಿಡಿಯುವವರು, ಮರಗಾಲಿನ ಮೇಲೆ ನಡೆಯುವವರು, ಹದಿನಾಲ್ಕು ಅಡಿ ಎತ್ತರದ ಜೋಕಾಲಿಯಲ್ಲಿ ತಲೆಕೆಳಗಾಗುವವರು. ವರ್ಷಕ್ಕೊಮ್ಮೆ ನೆರೆಹೊರೆಯವರೆಲ್ಲ ಮನೆಯಿಂದ ಕುರ್ಚಿ ಹೊತ್ತು ತಂದು ಕೂತು ಚಪ್ಪಾಳೆ ತಟ್ಟುತ್ತಾರೆ. ಕಂಬದ ಹಿಂದೆ ಹಗ್ಗ ಹಿಡಿದು ನಿಂತವರ ಕಡೆ ಒಬ್ಬರೂ ತಿರುಗಿ ನೋಡುವುದಿಲ್ಲ. ಮಕ್ಕಳ ಬಾಯಲ್ಲಿ ಅವರು ಹಗ್ಗದ ಮಾವ.

ಮಾವ ಇದೇ ಗೋದಾಮಿನಲ್ಲಿ ಹತ್ತೊಂಬತ್ತು ವರ್ಷ ರಾಟೆ ಎಳೆದು ಮೂಟೆ ಏರಿಸಿದವರು. ಗೋದಾಮು ಮುಚ್ಚಿತು, ಸರ್ಕಸ್ ಬಂತು. ಯಾವ ತೊಲೆ ಗಟ್ಟಿ ಎಂದು ಕೇಳಲು ಇವರನ್ನು ಕರೆಸಿದರು. "ತೋರಿಸೋಕೆ ಬಂದವನು ಹೋಗಲೇ ಇಲ್ಲ" ಎಂದು ನಗುತ್ತಾರೆ. ಅದಾಗಿ ಹದಿನಾರು ವರ್ಷ.

ಕೆಲಸ ಹೇಳಲು ಸುಲಭ. ಮಗುವಿನ ಸೊಂಟಪಟ್ಟಿಗೆ ಕಟ್ಟಿದ ಹಗ್ಗ ಮೇಲಿನ ರಾಟೆ ಬಳಸಿ ಮಾವನ ಕೈಗೆ ಬರುತ್ತದೆ. ಮಗು ಏಣಿ ಹತ್ತುವಾಗ ಹಗ್ಗ ಬಿಗಿ ಇರಬೇಕು, ಜೋಕಾಲಿ ತೂಗುವಾಗ ಸಡಿಲ ಆಗಬೇಕು, ಕೈ ಜಾರಿದರೆ ತಕ್ಷಣ ಬಿಗಿಯಬೇಕು. ದಿನಕ್ಕೆ ಇನ್ನೂರು ಸಲಕ್ಕೆ ಮೋಸವಿಲ್ಲ. ಸಡಿಲಿಸುವುದಕ್ಕೆ ಒಂದು ಮಾತಿನ ಅಪ್ಪಣೆ ಇತ್ತು: 'ಬಿಡು'.

ಆ ಮಾತಿನಿಂದಲೇ ಎಲ್ಲ ಆದದ್ದು.

ಒಂಬತ್ತು ವರ್ಷದ ಹಿಂದೆ ಒಂದು ಸಂಜೆ ಹನ್ನೆರಡರ ಹುಡುಗಿಯೊಬ್ಬಳು ಮೇಲಿದ್ದಳು. ಕೂತಲ್ಲಿ ಕೂರದವಳಾದ್ದರಿಂದ ಎಲ್ಲರೂ ಅವಳನ್ನು ಮಿಡತೆ ಎನ್ನುತ್ತಿದ್ದರು. ಮೂರು ಸಲ ಪಲ್ಟಿ ತಪ್ಪಿತು. ಅವಳಿಗೆ ಅಳು ಬಂತು. ಕೆಳಗಿದ್ದ ತರಬೇತುದಾರರು ಪಾಪ, ಸಮಾಧಾನ ಮಾಡಲೆಂದು, "ಹೋಗ್ಲಿ ಬಿಡು, ನಾಳೆ ನೋಡೋಣ" ಎಂದರು. ಮಾವನ ಕಣ್ಣು ರಾಟೆಯ ಮೇಲಿತ್ತು. ಕಿವಿಗೆ ಬಿದ್ದದ್ದು ಒಂದೇ ಮಾತು. ಹಗ್ಗ ಸಡಿಲಿಸಿದರು. ಅದೇ ಗಳಿಗೆಗೆ ಅವಳ ಕೈ ಜಾರಿತು.

ಅರ್ಧ ಮೈ ಕೆಳಗೆ ಹಾಸಿದ್ದ ಹಾಸಿಗೆಯ ಮೇಲೆ, ಅರ್ಧ ನೆಲದ ಮೇಲೆ. ತೊಡೆಯ ಮೂಳೆ ಮುರಿದಿತ್ತು. ಎಂಟು ತಿಂಗಳು ಊರುಗೋಲು. ಎಡಗಾಲು ಇವತ್ತಿಗೂ ಒಂದು ಬೆರಳಷ್ಟು ಗಿಡ್ಡ.

"ಯಾರೂ ನನ್ನ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು" ಎನ್ನುತ್ತಾರೆ ಮಾವ. ನಾಲ್ಕು ತಿಂಗಳು ಅವರು ಗೋದಾಮಿನ ಕಡೆ ತಲೆಹಾಕಲಿಲ್ಲ. ಕೊನೆಗೆ ಮಿಡತೆಯೇ ಊರುಗೋಲು ಊರಿಕೊಂಡು ಅವರ ಮನೆಬಾಗಿಲಿಗೆ ಬಂದಳು. "ಮಾವ, ನೀವಿಲ್ಲ ಅಂತ ಯಾರನ್ನೂ ಮೇಲೆ ಹತ್ತಿಸ್ತಿಲ್ಲ. ಬನ್ನಿ" ಎಂದಷ್ಟೇ ಹೇಳಿ ಹೋದಳು. ಕ್ಷಮಿಸಮ್ಮ ಎಂಬ ಮಾತು ಇವರ ಗಂಟಲಿನಿಂದ ಹೊರಡಲಿಲ್ಲ. ಇಂದಿಗೂ ಹೊರಟಿಲ್ಲ.

ಅಂದಿನಿಂದ ಅಪ್ಪಣೆಯ ಮಾತು 'ಸಡಿಲ' ಎಂದಾಗಿದೆ. 'ಬಿಡು' ಎಂದವರು ಯಾರೇ ಇರಲಿ, ಗೋದಾಮಿಗೆ ಐದು ಸುತ್ತು ಹಾಕಬೇಕು. ಆ ಮಾತಿಲ್ಲದೆ ಒಂದು ಗಂಟೆ ಮಾತಾಡಿ ನೋಡಿ, ಕಷ್ಟ ತಿಳಿಯುತ್ತದೆ! ಕೂರಲು ಕುರ್ಚಿ ಕೊಟ್ಟಾಗ, ಮಗುವನ್ನು ಸೇರಿಸಲು ಬಂದ ತಾಯಿಯೊಬ್ಬರು "ಇರ್ಲಿ ಬಿಡಿ" ಎಂದು, ಸೆರಗು ಸಿಕ್ಕಿಸಿಕೊಂಡು ಐದು ಸುತ್ತು ಹಾಕಿದ್ದಾರೆ. 'ಬಂದ್ಬಿಟ್ಟೆ' ಎಂದರೆ ತಪ್ಪೋ ಅಲ್ಲವೋ ಎಂದು ಮಕ್ಕಳು ಒಂದಿಡೀ ಸಂಜೆ ವಾದ ಮಾಡಿ, ತಪ್ಪಲ್ಲ ಎಂದು ತೀರ್ಪು ಕೊಟ್ಟಿದ್ದಾರೆ.

ಮಾವನಿಗೆ ಆ ತೀರ್ಪೂ ಬೇಕಿಲ್ಲ. ಅವರು ಆ ಮಾತನ್ನು ಯಾವ ರೂಪದಲ್ಲೂ, ಎಲ್ಲಿಯೂ ಆಡುವುದಿಲ್ಲ. ಮಕ್ಕಳ ಸೊಂಟಪಟ್ಟಿಗಳನ್ನು ಹೊಲಿಯುವ ಅವರ ಹೆಂಡತಿ ಮಷೀನಿನಿಂದ ತಲೆಯೆತ್ತದೆ ಹೇಳುತ್ತಾರೆ: "ಮೊದಲೆಲ್ಲ ಜಗಳ ಆದ್ರೆ 'ಹೋಗ್ಲಿ ಬಿಡೇ' ಅಂತಿದ್ರು, ನಾನೂ ಸುಮ್ಮನಾಗ್ಬಿಡ್ತಿದ್ದೆ. ಈಗ 'ಹೋಗ್ಲಿ' ಅಂತಾರೆ, ಅಲ್ಲಿಗೇ ನಿಲ್ಲಿಸ್ತಾರೆ. ಜಗಳ ಮುಗಿದಂಗೇ ಆಗಲ್ಲ ನೋಡಿ."

ಈಗ ಮಾವನ ಬಲಭುಜದ ಕೀಲು ಸವೆದಿದೆ. ಹಗ್ಗ ಎಳೆಯುವುದು ಈ ತಿಂಗಳಿಗೇ ಕೊನೆ ಎಂದಿದ್ದಾರೆ ಡಾಕ್ಟರು. ಹಿಡಿಯಲು ಇನ್ನೊಬ್ಬರು ಸಿಗದಿದ್ದರೆ ಜೋಕಾಲಿ ಬಿಚ್ಚಿಡುವುದೆಂದು ಸರ್ಕಸ್ ನಡೆಸುವವರೂ ತೀರ್ಮಾನಿಸಿದ್ದಾರೆ. ಹಗ್ಗ ನನಗೆ ಕೊಡಿ ಎಂದು ಕೇಳಿದವಳು ಒಬ್ಬಳೇ. ಮಿಡತೆ. ಇಪ್ಪತ್ತೊಂದರ ಅವಳು ಈಗ ಚಿಕ್ಕವರಿಗೆ ಚೆಂಡಾಟ ಕಲಿಸುವ ಅಕ್ಕ. ನೆಲದ ಮೇಲೆಯೇ ಕಲಿಸುತ್ತಾಳೆ, ಬಿದ್ದಂದಿನಿಂದ ಮೇಲೆ ಹತ್ತಿದವಳಲ್ಲ.

ತೊಡಕು ಇರುವುದು ಮಾವನದೇ ಒಂದು ನಿಯಮದಲ್ಲಿ. ಹಗ್ಗ ಹಿಡಿಯುವವರು ಮೊದಲು ಅದೇ ಹಗ್ಗದಲ್ಲಿ ಮೇಲೆ ಹೋಗಿ ತೂಗಬೇಕು. "ಮೇಲೆ ಹೋಗದವರಿಗೆ ಕೆಳಗಿನ ಕೈಯ ಬೆಲೆ ಗೊತ್ತಾಗಲ್ಲ" ಎಂದು ಎಷ್ಟೋ ಜನಕ್ಕೆ ಹೇಳಿದ್ದಾರೆ. ಈಗ ಮಿಡತೆ ಹತ್ತಬೇಕು, ಹಗ್ಗ ಇವರು ಹಿಡಿಯಬೇಕು. ಒಂದು ವರ್ಷದಿಂದ ಅವಳು ಕೇಳುತ್ತಲೇ ಇದ್ದಾಳೆ, ಇವರು "ಬೇಡಮ್ಮ" ಎನ್ನುತ್ತಲೇ ಇದ್ದಾರೆ.

ಈ ಗುರುವಾರ ಅವಳು ಕೇಳುವುದಿಲ್ಲ. ಆರು ಗಂಟೆಗೇ ಬಂದು, ಸೊಂಟಪಟ್ಟಿ ಕಟ್ಟಿಕೊಂಡು ಏಣಿಯ ಬುಡದಲ್ಲಿ ನಿಲ್ಲುತ್ತಾಳೆ. ಮಾವ ಅವಳನ್ನು ನೋಡುತ್ತಾರೆ, ಜೋಕಾಲಿ ನೋಡುತ್ತಾರೆ. ಗಂಟನ್ನು ಮೂರು ಸಲ ಜಗ್ಗಿ ಪರೀಕ್ಷಿಸಿ, ಕಂಬದ ಹಿಂದೆ ಹೋಗಿ ಹಗ್ಗ ಹಿಡಿಯುತ್ತಾರೆ.

ಅವಳು ಬಲಗಾಲಿಟ್ಟು, ಎಡಗಾಲು ಎಳೆದುಕೊಂಡು ಒಂದೊಂದೇ ಮೆಟ್ಟಿಲು ಹತ್ತುತ್ತಾಳೆ. ಹಗ್ಗ ಅವಳ ಜೊತೆಗೇ ಏರುತ್ತದೆ. ಜೋಕಾಲಿಯ ಮೇಲೆ ಕೂತು ಎರಡೂ ಬದಿ ಹಿಡಿದುಕೊಳ್ಳುತ್ತಾಳೆ. ಇನ್ನು 'ಸಡಿಲ' ಎನ್ನಬೇಕು.

"ಬಿಡಿ, ಮಾವ."

ಬೇಗ ಬಂದ ಮೂರ್ನಾಲ್ಕು ಮಕ್ಕಳು ಬಾಗಿಲಲ್ಲೇ ನಿಂತುಬಿಡುತ್ತಾರೆ. ಮಾವನ ಮುಷ್ಟಿ ತೆರೆಯುವುದಿಲ್ಲ. ಮೇಲಿನಿಂದ ಅವಳು ಕಾಯುತ್ತಾಳೆ. ಆಮೇಲೆ ಮೆಲ್ಲಗೆ, ಮನೆಯವರಿಗೆ ಹೇಳುವ ಹಾಗೆ, ಇನ್ನೊಂದು ಸಲ ಹೇಳುತ್ತಾಳೆ.

"ಹೋಗ್ಲಿ ಬಿಡಿ, ಮಾವ."

ಮಾವನ ಕಣ್ಣಿನಿಂದ ನೀರು ಇಳಿಯುತ್ತದೆ. ಒರೆಸಿಕೊಳ್ಳಲು ಕೈ ಖಾಲಿಯಿಲ್ಲ. ಹಗ್ಗ ಒಂದು ಮೊಳ ಜಾರುತ್ತದೆ, ಇನ್ನೊಂದು ಮೊಳ. ಜೋಕಾಲಿ ಹಿಂದಕ್ಕೆ ಹೋಗಿ ಮುಂದಕ್ಕೆ ಬರುತ್ತದೆ. ಏಳು ಸಲ ತೂಗಿ ಅವಳು ಕೆಳಗಿಳಿಯುತ್ತಾಳೆ.

ನೆಲಕ್ಕೆ ಕಾಲಿಟ್ಟದ್ದೇ ತಡ, ಬಾಗಿಲಲ್ಲಿದ್ದ ಒಂದು ಪುಟ್ಟ ಹುಡುಗಿ ಕಿರುಚುತ್ತಾಳೆ: "ಮಿಡತೆ ಅಕ್ಕ ಆ ಮಾತು ಅಂದ್ರು! ಎರಡು ಸಲ! ಹತ್ತು ಸುತ್ತು!"

"ಹೌದಲ್ಲ" ಎಂದು ಮಿಡತೆ ಸುತ್ತು ಹಾಕಲು ಹೊರಡುತ್ತಾಳೆ. ಮಾವ ಹಗ್ಗ ಗೂಟಕ್ಕೆ ಸಿಕ್ಕಿಸಿ ಅವಳ ಎಡಬದಿಗೆ ಬಂದು ಜೊತೆಗೇ ನಡೆಯುತ್ತಾರೆ. ನೀವ್ಯಾಕೆ ಮಾವ ಎಂದು ಮಕ್ಕಳು ಕೇಳಿದರೂ ನಡೆಯುತ್ತಲೇ ಇರುತ್ತಾರೆ. ಹತ್ತೂ ಸುತ್ತು ಮುಗಿದ ಮೇಲೆ ಅವಳಿಗೆ, "ನಾಳೆ ಐದೂವರೆಗೆ ಬಾ. ದೀಪ ಹಾಕ್ಬೇಡ" ಎನ್ನುತ್ತಾರೆ.

ಮನೆಯಲ್ಲಿ ಮಷೀನು ಕಟಕಟ ಅನ್ನುತ್ತಿದೆ. ಇವರು ಬರಿಗೈಯಲ್ಲಿ ಬಂದು ಹೊಸ್ತಿಲ ಮೇಲೆ ಕೂರುತ್ತಾರೆ. ಹೆಂಡತಿ ತಲೆಯೆತ್ತದೆ ಕೇಳುತ್ತಾರೆ, "ಏನ್ರೀ, ಹಗ್ಗದ ಕಥೆ ಏನಾಯ್ತು?"

"ಮಿಡತೆಗೆ ಬಿಟ್ಟುಕೊಟ್ಟೆ ಕಣೇ."

ಮಷೀನು ನಿಲ್ಲುತ್ತದೆ.